ಕಾಗಕ್ಕನ ಹೆಸರಿಗೆ ಎಷ್ಟು ಚಪ್ಪಾಳೆ?

ನಮ್ಮ ನಡುಮನೆಯ ಗೋಡೆಯ ಮೇಲೆ ವರ್ಣಮಾಲೆಯ ಪಟವೊಂದಿದೆ. 49 ಅಕ್ಷರ, ಙ, ಞ ಬಿಟ್ಟರೆ ಎಲ್ಲಕ್ಕೂ ಒಂದೊಂದು ಚಿತ್ರ. ಒಂದನೇ ತರಗತಿಯ ಮೊಮ್ಮಗಳನ್ನು ಅದರ ಮುಂದೆ ಕೂರಿಸಿಕೊಂಡು, ಕೈಯಲ್ಲಿ ಅಡಿಪಟ್ಟಿ ಹಿಡಿದು, 'ಅ' ಇಂದ ಹೊರಟೆ. 'ಋ' ಮುಟ್ಟುವಷ್ಟರಲ್ಲಿ ಅವಳಿಗೆ ಬಾಯಾರಿಕೆ. 'ಙ' ಬರುವ ಹೊತ್ತಿಗೆ ಹೊಟ್ಟೆನೋವು.

ಈ ಹೊಟ್ಟೆನೋವು ನನಗೆ ಹೊಸದಲ್ಲ. 30 ವರ್ಷದ ಹಿಂದೆ ಇವಳ ಅಪ್ಪನಿಗೂ ಬರುತ್ತಿತ್ತು. ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ತಾಳೆ ನೋಡುವ ಹಾಗೆ ಅವನ ಅಕ್ಷರಗಳನ್ನೂ ತಾಳೆ ನೋಡುತ್ತಿದ್ದೆ. ಒಂದು ಕಡಿಮೆ ಬಂದರೆ ಮತ್ತೆ ಮೊದಲಿನಿಂದ. ಅವನು ಎಲ್ಲ ಕಲಿತ, ಒಳ್ಳೆಯ ಅಂಕವನ್ನೂ ತೆಗೆದ. ಆಮೇಲೆ ಕನ್ನಡ ಪುಸ್ತಕ ಮುಟ್ಟಲಿಲ್ಲ. ಈ ಅಂಕಣವನ್ನೂ ಸೊಸೆಯೇ ಓದಿ ಹೇಳಬೇಕು.

ಅದಕ್ಕೇ ಪಟವನ್ನು ಮಡಿಸಿಟ್ಟೆ. ಮೊಮ್ಮಗಳಿಗೆ ಕಾಗಕ್ಕ-ಗುಬ್ಬಕ್ಕನ ಕಥೆ ಹೇಳಿದೆ. ನಿಮಗೆಲ್ಲ ಗೊತ್ತಿರುವುದೇ: ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಕಲ್ಲಿನ ಮನೆ. ಮಳೆ ಬಂತು, ಕಾಗೆಯ ಮನೆ ಕರಗಿತು, ಗುಬ್ಬಿಯ ಬಾಗಿಲು ತಟ್ಟಿತು. ಮೊದಲ ಎರಡು ದಿನ ಬರೀ ಕಥೆ. ಸ್ಲೇಟೂ ಇಲ್ಲ, ಬಳಪವೂ ಇಲ್ಲ.

ಮೂರನೇ ದಿನ ಚಪ್ಪಾಳೆ. ಕಾ-ಗಕ್-ಕ, ಮೂರು. ಗುಬ್-ಬಕ್-ಕ, ಅದೂ ಮೂರು. ನಾಲ್ಕನೇ ದಿನ ಎರಡು ಹೆಸರನ್ನೂ ದೊಡ್ಡದಾಗಿ ಬರೆದು ತೋರಿಸಿದೆ. ಒತ್ತಕ್ಷರವನ್ನು ಕೊನೆಗೆ ಕಲಿಸಬೇಕೆನ್ನುವುದು ನಮ್ಮ ಕಾಲದ ಕ್ರಮ. ಆದರೆ ಅಕ್ಕಂದಿರ ಹೆಸರಲ್ಲೇ ಒತ್ತು ಕೂತಿದ್ದರೆ ಏನು ಮಾಡುವುದು? ಬಿಡಿಸಿ ಹೇಳಲು ಹೋಗಲಿಲ್ಲ, ಹೆಸರನ್ನು ಚಿತ್ರದಂತೆ ನೋಡಲಿ ಎಂದುಕೊಂಡೆ. ಅವಳು ಒಂದೊಂದು ಅಕ್ಷರದ ಕೆಳಗೂ ಒಂದೊಂದು ಹುಣಸೆಬೀಜ ಇಟ್ಟು ಕೇಳಿದಳು: "ತಾತ, ಚಪ್ಪಾಳೆ ತಟ್ಟುವಾಗ 'ಗಕ್' ಅಂದೆ. ಇಲ್ಲಿ ಬರೀ 'ಗ' ಇದೆಯಲ್ಲ?"

ನಿಜವೇ. ಬಾಯಿ 'ಗಕ್-ಕ' ಎಂದು ತುಂಡು ಮಾಡುತ್ತದೆ, ಬರಹ 'ಗ-ಕ್ಕ' ಎಂದು. ಎಣಿಕೆ ಮೂರೇ, ತುಂಡಾಗುವ ಜಾಗ ಬೇರೆ. ಎಷ್ಟು ಅಕ್ಕ, ಅಪ್ಪ, ಅಮ್ಮ, ಲೆಕ್ಕ ಬರೆದಿದ್ದೇನೋ, ಒಮ್ಮೆಯೂ ಇದು ಹೊಳೆದಿರಲಿಲ್ಲ. "ಆ ಕ್ ಕೆಳಗಿಳಿದು ಮುಂದಿನ ಕ ಜೊತೆ ಕೂತಿದೆ" ಎಂದೆ. ಅವಳಿಗೆ ಅಷ್ಟು ಸಾಕಾಯಿತು.

ಅವಳಿಗೆ ಇನ್ನೊಂದು ತೊಡಕಿತ್ತು. ಶಾಲೆಯಲ್ಲಿ ಇಂಗ್ಲಿಷ್ ಫೋನಿಕ್ಸ್ ಕಲಿಸುತ್ತಾರೆ, ಹಾಗಾಗಿ ನಮ್ಮ 'ಕ'ವನ್ನೂ 'ಕ್' ಎಂದೇ ಓದುತ್ತಿದ್ದಳು. ನಮ್ಮ ಅಕ್ಷರದ ಹೊಟ್ಟೆಯೊಳಗೆ 'ಅ' ಮೊದಲೇ ಇರುತ್ತದೆ ಎಂದು ತಿಳಿಸಲು ಎರಡು ಸಂಜೆ ಹಿಡಿಯಿತು. ಕ, ಗ ಬೇರೆ ಮಾಡಲು ಕಾಗೆಯೇ ನೆರವಾಯಿತು. ಕರಿ, ಗರಿ. ಕಾಗೆಯದು ಕರಿ ಗರಿ. ಆಮೇಲೆ ಕುಡಿ-ಗುಡಿ, ಕಾಳಿ-ಗಾಳಿ ಎಂದು ಅವಳೇ ಹುಡುಕತೊಡಗಿದಳು.

ಅಕ್ಷರಗಳನ್ನು ಹೀಗೆ ಕ್ರಮ ಬಿಟ್ಟು ಕಲಿಸುವುದು ನನ್ನ ಕಂಡುಹಿಡಿತವೇನಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ದಸರ ಎಲ್ಲ ಓದಬಹುದು. ನನ್ನ 49ರ ಪಟದಲ್ಲಿ ಐದನೇ ಅಕ್ಷರಕ್ಕೆ ಬಂದರೂ ಓದಲು ಏನೂ ಸಿಗದು.

ಕಥೆಯ ನಿಜವಾದ ಲಾಭ ಗುಬ್ಬಕ್ಕನ ನೆಪಗಳಲ್ಲಿದೆ. ಕಾಗೆ ಕರೆದಾಗಲೆಲ್ಲ ಒಂದು ನೆಪ: ಮಗುವಿಗೆ ಸ್ನಾನ ಮಾಡಿಸ್ತಿದ್ದೀನಿ, ಹಾಲು ಕುಡಿಸ್ತಿದ್ದೀನಿ, ಮಲಗಿಸ್ತಿದ್ದೀನಿ. ಕುಡಿ-ಕುಡಿಸು, ಮಲಗು-ಮಲಗಿಸು. ವ್ಯಾಕರಣವೆನ್ನದೆ ಆ 'ಇಸು' ಅವಳ ನಾಲಿಗೆಗೆ ಬಂತು. ಈಗ ಅವಳ ಗುಬ್ಬಕ್ಕ ಮಗುವಿಗೆ ಹೋಮ್‌ವರ್ಕ್ ಮಾಡಿಸುತ್ತಾಳೆ, ಸಾಕ್ಸ್ ಹಾಕಿಸುತ್ತಾಳೆ. ಅಕ್ಷರ ಬರೆಯಲು ತಟ್ಟೆಯಲ್ಲಿ ರಾಗಿಹಿಟ್ಟು ಹರಡಿಕೊಡುತ್ತೇನೆ. (ಹಿಟ್ಟಿನ ಲೆಕ್ಕ ಹೆಂಡತಿ ಕೇಳುತ್ತಾಳೆ, ಅದು ಬೇರೆ.) ದಿನಕ್ಕೆ ಕಾಲು ಗಂಟೆ, ಹೆಚ್ಚಿಲ್ಲ. ಇನ್ನೂ ಬೇಕು ಎನ್ನುವಾಗಲೇ ನಿಲ್ಲಿಸುತ್ತೇನೆ.

ಮೊನ್ನೆ ಸಂಜೆ ಜೋರು ಮಳೆ. ಮಗ ತೊಯ್ದುಕೊಂಡು ಬಂದು ಬೆಲ್ ಒತ್ತಿದ. ಒಳಗಿನಿಂದ ಮೊಮ್ಮಗಳು, "ತಾಳು, ಮಗೂಗೆ ಹಾಲು ಕುಡಿಸ್ತಿದ್ದೀನಿ!" ಎಂದಳು. ಹೊರಗೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಕಾ, ಕಾ!"

ತಲೆ ಒರೆಸಿಕೊಂಡು ಬಂದವನ ಮುಂದೆ ಅವಳು ರಾಗಿಹಿಟ್ಟಿನ ತಟ್ಟೆ ಇಟ್ಟು, "ಕಾಗಕ್ಕ ಬರಿ" ಎಂದಳು. ಬರೆದ. ಒತ್ತು ಸರಿಯಾಗಿಯೇ ಬಿತ್ತು. ನನ್ನ ಕಡೆ ನೋಡದೆ, "ಙ ಮಾತ್ರ ಕೇಳಬೇಡಿ ಅಪ್ಪ" ಎಂದ.