ಪ್ರಶ್ನೆ ಕೇಳುವ ಬಗೆ



ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಕೊಪಣವನ್ನೂ ಹೆಸರಿಸಿದೆ. ಆ ಕೊಪಣವೇ ಇಂದಿನ ನಮ್ಮ ಕೊಪ್ಪಳ. ಈ ನೆಲದ ಮಕ್ಕಳು ಕನ್ನಡದಲ್ಲಿ ಅರಳು ಹುರಿದಂತೆ ಮಾತನಾಡುತ್ತಾರೆ. ಇಂಗ್ಲಿಷ್ ಪಾಠದಲ್ಲಿ ಮಾತ್ರ ಅನೇಕರು ತಮ್ಮ ಸಂದೇಹವನ್ನು ನುಂಗಿಕೊಂಡು ಮೌನವಾಗಿ ಕುಳಿತುಬಿಡುತ್ತಾರೆ. ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಕಲಿಕೆ ಆರಂಭವಾಗಿದೆ. ಆದರೂ ಉತ್ತರಗಳನ್ನು ಬಾಯಿಪಾಠ ಮಾಡಿದ ಮಗುವಿಗೆ ಒಂದು ಪ್ರಶ್ನೆಯನ್ನು ಕಟ್ಟುವುದು ಕಠಿಣವಾಗುತ್ತದೆ. ಇದು ಬುದ್ಧಿಯ ಕೊರತೆಯಲ್ಲ. ಎರಡು ಭಾಷೆಗಳ ಜಾಯಮಾನದ ಭೇದ.

ಕನ್ನಡದಲ್ಲಿ ಪ್ರಶ್ನಿಸಲು ಪದಗಳ ಸ್ಥಾನವನ್ನು ಕದಲಿಸಬೇಕಾಗಿಲ್ಲ. 'ನೀನು ಜಾತ್ರೆಗೆ ಹೋದೆ' ಎಂಬ ವಾಕ್ಯದ ಕೊನೆಗೆ ಆಕಾರವನ್ನು ಹಚ್ಚಿದರೆ 'ಹೋದೆಯಾ?' ಎಂದು ಪ್ರಶ್ನೆ ಸಿದ್ಧ. 'ನೀನಾ ಹೋದದ್ದು?' ಎಂದರೆ ಸಂದೇಹ ವ್ಯಕ್ತಿಯ ಮೇಲೆ, 'ಜಾತ್ರೆಗಾ ಹೋದದ್ದು?' ಎಂದರೆ ಸ್ಥಳದ ಮೇಲೆ. ಒಂದು ಸ್ವರವೇ ಇಷ್ಟು ಕೆಲಸ ಮಾಡುತ್ತದೆ.

ಇಂಗ್ಲಿಷಿನಲ್ಲಿ ಇಂತಹ ಪ್ರತ್ಯಯವಿಲ್ಲ. ಅಲ್ಲಿ ಪದಗಳ ಕ್ರಮವೇ ಪ್ರಶ್ನೆಯ ಗುರುತು. 'ಯು ಆರ್ ರೆಡಿ' ಎಂಬುದರಲ್ಲಿ ಕ್ರಿಯಾಪದವು ಕರ್ತೃವಿನ ಮುಂದೆ ಬಂದು 'ಆರ್ ಯು ರೆಡಿ?' ಆಗುತ್ತದೆ. 'ಯು ವೆಂಟ್' ಎಂಬಲ್ಲಿ ಹಾಗೆ ಮುಂದೆ ಬರಬಲ್ಲ ಸಹಾಯಕ ಕ್ರಿಯಾಪದವಿಲ್ಲ. ಆದ್ದರಿಂದ 'ಡಿಡ್' ಎಂಬುದನ್ನು ಕರೆತಂದು 'ಡಿಡ್ ಯು ಗೋ?' ಎನ್ನಬೇಕು. ಭೂತಕಾಲದ ಭಾರವನ್ನು 'ಡಿಡ್' ಹೊತ್ತಮೇಲೆ ಮುಖ್ಯ ಕ್ರಿಯಾಪದವು ತನ್ನ ಮೂಲರೂಪಕ್ಕೆ ಮರಳುತ್ತದೆ. 'ಡಿಡ್ ಯು ವೆಂಟ್?' ಎಂದರೆ ಒಂದೇ ಹೊರೆಯನ್ನು ಇಬ್ಬರ ತಲೆಯ ಮೇಲೆ ಹೊರಿಸಿದಂತೆ. ಸ್ಥಳವನ್ನು ಕೇಳುವಾಗ ಇದೇ ಕ್ರಮದ ಮೊದಲಿಗೆ 'ವೇರ್' ಸೇರಿಸಿದರೆ ಸಾಕು: 'ವೇರ್ ಡಿಡ್ ಯು ಗೋ?'

ಇನ್ನೊಂದು ಸೂಕ್ಷ್ಮವಿದೆ. 'ಗುಳಿಗೆ ತೆಗೆದುಕೊಂಡಿಲ್ಲವೇ?' ಎಂದು ಕೇಳಿದರೆ, ತೆಗೆದುಕೊಳ್ಳದವನು ಕನ್ನಡದಲ್ಲಿ 'ಹೌದು, ತೆಗೆದುಕೊಂಡಿಲ್ಲ' ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಅವನು 'ನೋ' ಎನ್ನಬೇಕು. ದೂರದ ಊರಿನ ಆಸ್ಪತ್ರೆಯಲ್ಲಿ ಅವನು ಕನ್ನಡದ ರೂಢಿಯಂತೆ 'ಯೆಸ್' ಎಂದುಬಿಟ್ಟರೆ ವೈದ್ಯರು ಗುಳಿಗೆ ಹೊಟ್ಟೆಗೆ ಸೇರಿತೆಂದೇ ತಿಳಿದಾರು! ಆದಕಾರಣ ನಿಷೇಧವನ್ನು ಬಿಟ್ಟು 'ಡಿಡ್ ಯು ಟೇಕ್ ದ ಟ್ಯಾಬ್ಲೆಟ್?' ಎಂದು ನೇರವಾಗಿ ಕೇಳುವುದೇ ಲೇಸು. ಉತ್ತರಿಸುವವನೂ ಬರಿಯ 'ಯೆಸ್', 'ನೋ' ಎನ್ನದೆ ವಾಕ್ಯವನ್ನು ಪೂರ್ಣಗೊಳಿಸಲಿ.

ವ್ಯಾಕರಣವು ಪ್ರಶ್ನೆಗೆ ರೂಪ ಕೊಡುತ್ತದೆ. ಸ್ಪಷ್ಟತೆ ಮಾತ್ರ ಮನಸ್ಸಿನಿಂದ ಬರಬೇಕು. ತನಗೆ ಯಾವುದು ತಿಳಿದಿಲ್ಲವೆಂಬುದು ತಿಳಿದವನೇ ಸರಿಯಾದ ಪ್ರಶ್ನೆ ಕೇಳಬಲ್ಲ. ನಮ್ಮ ಪರಂಪರೆಗೆ ಇದು ಹೊಸದಲ್ಲ. 'ಶೂನ್ಯಸಂಪಾದನೆ' ಶರಣರ ಸಂವಾದದ ರೂಪದಲ್ಲಿಯೇ ಬೆಳೆದ ಗ್ರಂಥ. ಅಲ್ಲಿ ಅಲ್ಲಮಪ್ರಭುಗಳು ಅಕ್ಕಮಹಾದೇವಿಯವರನ್ನು ಕಠಿಣವಾಗಿ ಪ್ರಶ್ನಿಸುತ್ತಾರೆ. ಅಕ್ಕನವರು ಅಳುಕದೆ ಉತ್ತರಿಸುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ ಈ ಗ್ರಂಥವನ್ನು ಇಂಗ್ಲಿಷಿಗೆ ತಂದು ಐದು ಸಂಪುಟಗಳಲ್ಲಿ ಪ್ರಕಟಿಸಿದಾಗ ಶರಣರ ಪ್ರಶ್ನೆಗಳು ಪರಭಾಷಿಕರನ್ನೂ ಮುಟ್ಟಿದವು. ಅಂತಹ ಪ್ರಶ್ನೆಗಳ ವಾರಸುದಾರರಾದ ಮಕ್ಕಳು ಬಾಯಿ ಕಟ್ಟಿ ಕುಳಿತುಕೊಳ್ಳಬೇಕೇಕೆ?

ತಾಯಿತಂದೆಗಳಲ್ಲಿ ನಮ್ಮದೊಂದು ವಿನಂತಿ. ತಮಗೆ ಇಂಗ್ಲಿಷ್ ಬಾರದೆಂದು ಹಿಂಜರಿಯಬೇಡಿರಿ. ಸಾಯಂಕಾಲ ವಿಭೂತಿ ಧರಿಸಿ ಲಿಂಗಪೂಜೆ ಮುಗಿಸಿದ ಮೇಲೆ ಮಗುವನ್ನು ಬಳಿಗೆ ಕರೆದು, 'ಇಂದು ಶಾಲೆಯಲ್ಲಿ ಏನು ತಿಳಿಯಲಿಲ್ಲ?' ಎಂದು ಕೇಳಿರಿ. ಆ ಸಂದೇಹವನ್ನು ಮಗು ಮೊದಲು ಕನ್ನಡದಲ್ಲಿ ಒಂದು ಪ್ರಶ್ನೆಯಾಗಿ ಬರೆಯಲಿ. ಬಳಿಕ ಇಂಗ್ಲಿಷಿನ ಕ್ರಮದಲ್ಲಿ ಜೋಡಿಸಲಿ. ಮರುದಿನ ಗುರುಗಳ ಮುಂದೆ ನಿಂತು ಕೇಳಲಿ. ತಪ್ಪಿದರೆ ಗುರುಗಳು ತಿದ್ದುತ್ತಾರೆ. ಕೇಳದ ಪ್ರಶ್ನೆಯನ್ನು ತಿದ್ದುವವರಾರು?