ಮೂವತ್ತು ವರ್ಷದ ಸಾಲ, ಇಳಿಯುವ ನೆಲ: ಟೆಕ್ಸಸ್‌ನಲ್ಲಿ ಮನೆ ಕೊಳ್ಳುವ ಮುನ್ನ

ಗಲ್ಫ್‌ನಲ್ಲಿ ದುಡಿದು ಮಕ್ಕಳನ್ನು ಓದಿಸಿದ ಎಷ್ಟೋ ಮನೆಗಳ ಮುಂದಿನ ತಲೆಮಾರು ಈಗ ಅಮೆರಿಕದಲ್ಲಿದೆ. ಡಲ್ಲಾಸ್ ಪಕ್ಕದ ಫ್ರಿಸ್ಕೋದಲ್ಲಿ ಮಗನೋ ಮಗಳೋ ಮನೆ ಕೊಳ್ಳುವಾಗ ಡೌನ್ ಪೇಮೆಂಟ್‌ಗೆ ಇಲ್ಲಿನ ಉಳಿತಾಯವೂ ಸೇರುತ್ತದೆ. ಶಾಲೆ, ಬಡ್ಡಿದರ ಎಲ್ಲ ವಿಚಾರಿಸ್ತಾರೆ. ನೆಲದ ಬಗ್ಗೆ ಕೇಳುವವರು ಕಡಿಮೆ.

2025ರ ಮೇ ತಿಂಗಳಲ್ಲಿ 'ನೇಚರ್ ಸಿಟೀಸ್' ಪತ್ರಿಕೆಯಲ್ಲಿ ಅಮೆರಿಕದ 28 ದೊಡ್ಡ ನಗರಗಳ ಅಧ್ಯಯನವೊಂದು ಬಂತು. ಅತಿ ವೇಗವಾಗಿ ಕುಸಿಯುತ್ತಿರುವುದು ಹ್ಯೂಸ್ಟನ್. ಅದರ ಶೇ. 42 ಭಾಗ ವರ್ಷಕ್ಕೆ 5 ಮಿಲಿಮೀಟರ್‌ಗಿಂತ ಹೆಚ್ಚು ಇಳಿಯುತ್ತಿದೆ. ಇದೇ ವೇಗ ಮುಂದುವರಿದರೆ 30 ವರ್ಷದ ಸಾಲ ತೀರುವಾಗ 15 ಸೆಂಟಿಮೀಟರ್ ದಾಟುತ್ತದೆ.

ಇಷ್ಟು ಸಣ್ಣ ಇಳಿತ ಆಕಾಶದಿಂದ ಗೊತ್ತಾಗೋದು ಹೇಗೆ? ಉಪಗ್ರಹ ರೇಡಾರ್ ಅಲೆ ಕಳಿಸುತ್ತದೆ. ಕಟ್ಟಡ, ರಸ್ತೆಗೆ ತಾಗಿ ಅದು ಮರಳುತ್ತದೆ. ಕೆಲ ದಿನಗಳ ನಂತರ ಅದೇ ಜಾಗದಿಂದ ಮರಳಿದ ಅಲೆಯ ಜೊತೆ ಹೋಲಿಸಿದರೆ ವ್ಯತ್ಯಾಸ ಸಿಗುತ್ತದೆ. ಗಾಳಿಯ ತೇವಾಂಶದಿಂದಾಗುವ ತಪ್ಪನ್ನು ಕಳೆದು, ಋತುಮಾನದ ಏರಿಳಿತ ಬೇರೆ, ಕಾಯಂ ಕುಸಿತ ಬೇರೆ ಅಂತ ವಿಂಗಡಿಸುವುದು ಗಣಿತ ಮಾದರಿಯ ಕೆಲಸ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೋ-ನಾಸಾ ಜಂಟಿ ಉಪಗ್ರಹ ನೈಸಾರ್ ಕೂಡ ಇದೇ ತಂತ್ರದ್ದು.

ಈ ವಿಂಗಡಣೆ ಮುಖ್ಯ. ಹ್ಯೂಸ್ಟನ್ ಕಡೆ ಅಂತರ್ಜಲ ಎತ್ತಿದ್ದರಿಂದ ಕೆಳಗಿನ ಜೇಡಿಮಣ್ಣಿನ ಪದರ ಒತ್ತಿಹೋಗಿದೆ, ಅದು ಮತ್ತೆ ಉಬ್ಬೋದಿಲ್ಲ. ಅಲ್ಲಿಗೆ ಹತ್ತಿರದ ಬೇಟೌನ್‌ನ ಬ್ರೌನ್‌ವುಡ್ ಬಡಾವಣೆ ಹೀಗೇ ಕುಸಿದು, 1983ರ ಅಲಿಶಿಯಾ ಚಂಡಮಾರುತದ ನಂತರ ಖಾಲಿಯಾಯಿತು. ನೀರೆತ್ತುವುದಕ್ಕೆ ಕಡಿವಾಣ ಹಾಕಲು 1975ರಲ್ಲೇ ಪ್ರತ್ಯೇಕ ಸಂಸ್ಥೆ ಹುಟ್ಟಿತ್ತು.

ಫ್ರಿಸ್ಕೋದ ಮುಖ್ಯ ತೊಂದರೆ ಬೇರೆ. ಅಲ್ಲಿನ ಜೇಡಿಮಣ್ಣು ನಮ್ಮ ಉತ್ತರ ಕರ್ನಾಟಕದ ಎರೆಮಣ್ಣಿನ ಹಾಗೆ: ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮನೆ ಪೂರ್ತಿ ಒಂದೇ ಸಮ ಇಳಿದರೆ ಅಷ್ಟು ತೊಂದರೆಯಿಲ್ಲ. ಒಂದು ಮೂಲೆ ಮಾತ್ರ ಇಳಿದರೆ ಗೋಡೆ ಸೀಳುತ್ತದೆ. ಇಡೀ ಊರಿನ ಸರಾಸರಿ ಅಂಕಿಯಲ್ಲಿ ಆ ಮೂಲೆ ಕಾಣೋದಿಲ್ಲ.

ಹಾಗಾಗಿ ರೇಡಾರ್ ನಕ್ಷೆ ನೋಡಿ ಹೆದರುವುದೂ ಬೇಡ, ನಿಶ್ಚಿಂತರಾಗುವುದೂ ಬೇಡ. ಸಹಿ ಹಾಕುವ ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ನಿಂದ ಅಡಿಪಾಯ ಪರೀಕ್ಷೆ ಮಾಡಿಸಬೇಕು. ಹಳೆ ಮನೆಯಾದರೆ ಮಾರುವವರು ಕೊಡುವ ಡಿಸ್‌ಕ್ಲೋಷರ್ ಪತ್ರದಲ್ಲಿ ಅಡಿಪಾಯದ ರಿಪೇರಿ ಬಗ್ಗೆ ಏನಿದೆ ಅಂತ ಓದಬೇಕು. ಸಾಮಾನ್ಯ ಗೃಹ ವಿಮೆ ನೆಲ ಕುಸಿತದ ನಷ್ಟವನ್ನು ಹೆಚ್ಚಾಗಿ ಭರಿಸುವುದಿಲ್ಲ. ಪರೀಕ್ಷೆಯ ಖರ್ಚು ಒಂದು ಸಲದ್ದು, ಬಿರುಕು ಬಿಟ್ಟ ಮನೆಯ ಕಂತು ಮಾತ್ರ ಪ್ರತಿ ತಿಂಗಳದ್ದು.