ಆಕ್ಸಿಜನ್ ಅನಲೈಸರ್‌ನ ತಪ್ಪು ಅಂಕಿ: ಸೆನ್ಸರ್ ಬದಲಿಸುವ ಮುನ್ನ

ಬಟ್ಟೆಗೆ ಬಣ್ಣ ಹಾಕುವ ಘಟಕವಿರಲಿ, ಅಕ್ಕಿ ಗಿರಣಿಯಿರಲಿ, ಔಷಧ ತಯಾರಿಕೆಯಿರಲಿ, ಉಗಿಯನ್ನು ಬಳಸುವ ಕೈಗಾರಿಕೆಗಳ ಖರ್ಚಿನ ಪಟ್ಟಿಯಲ್ಲಿ ಇಂಧನಕ್ಕೆ ಮೇಲಿನ ಸ್ಥಾನವಿದೆ. ಆ ಇಂಧನವು ಎಷ್ಟು ಸಮರ್ಪಕವಾಗಿ ಉರಿಯುತ್ತಿದೆ ಎಂಬುದನ್ನು ತಿಳಿಸುವ ಸಾಧನವೇ ಬಾಯ್ಲರಿನ ಹೊಗೆನಾಳದಲ್ಲಿ ಅಳವಡಿಸುವ ಆಕ್ಸಿಜನ್ ಅನಲೈಸರ್. ಅದು ತಪ್ಪು ಅಂಕಿ ತೋರಿಸತೊಡಗಿದಾಗ ಉದ್ಯಮಿಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆ ಕಂಡುಬರುತ್ತದೆ. ಒಂದೋ ಹೊಸ ಸೆನ್ಸರ್‌ಗೆ ಖರೀದಿ ಆದೇಶ ಹೋಗುತ್ತದೆ, ಇಲ್ಲವೇ ಸರ್ವಿಸ್ ಎಂಜಿನಿಯರನ್ನು ಕರೆಸಿ ಅಂಕಿಯನ್ನು 'ಸರಿಪಡಿಸ'ಲಾಗುತ್ತದೆ. ಎರಡೂ ಅವಸರದ ಕ್ರಮಗಳು. ಎರಡನೆಯದಂತೂ ಅಪಾಯಕಾರಿ.

ಹೊಗೆಯಲ್ಲಿ ಉಳಿದ ಆಕ್ಸಿಜನ್‌ನಿಂದ ಹೆಚ್ಚುವರಿ ಗಾಳಿಯನ್ನು ಲೆಕ್ಕ ಹಾಕುವ ಸೂತ್ರ ಸರಳವಾದುದು. ಆಕ್ಸಿಜನ್ ಶೇಕಡಾವನ್ನು 21ರಿಂದ ಕಳೆಯಬೇಕು; ಉಳಿದ ಸಂಖ್ಯೆಯಿಂದ ಆ ಶೇಕಡಾವನ್ನು ಭಾಗಿಸಿ ನೂರರಿಂದ ಗುಣಿಸಬೇಕು. ಆಕ್ಸಿಜನ್ ಶೇ. 3 ಇದ್ದರೆ ಹೆಚ್ಚುವರಿ ಗಾಳಿ ಸುಮಾರು ಶೇ. 17, ಶೇ. 6 ಇದ್ದರೆ ಶೇ. 40. ಈ ಬೇಡದ ಗಾಳಿಯೆಲ್ಲ ಬಾಯ್ಲರಿನಲ್ಲಿ ಕಾದು ಚಿಮಣಿಯ ಮೂಲಕ ಹೊರಹೋಗುತ್ತದೆ. ಆದ್ದರಿಂದ ಅನಲೈಸರ್ ನಿಜಕ್ಕಿಂತ ಕಡಿಮೆ ತೋರಿಸಿದರೆ ಚಾಲಕನು ಗಾಳಿಯನ್ನು ಹೆಚ್ಚಿಸುತ್ತಾನೆ, ಇಂಧನದ ಬಿಲ್ ಏರುತ್ತದೆ. ನಿಜಕ್ಕಿಂತ ಹೆಚ್ಚು ತೋರಿಸಿದರೆ ಪರಿಣಾಮ ಇನ್ನೂ ಗಂಭೀರ. ಚಾಲಕನಾಗಲಿ ಸ್ವಯಂಚಾಲಿತ ನಿಯಂತ್ರಕವಾಗಲಿ ಗಾಳಿಯನ್ನು ತಗ್ಗಿಸಿದಾಗ ಇಂಧನ ಪೂರ್ಣವಾಗಿ ಉರಿಯದೆ ಕಪ್ಪು ಹೊಗೆ, ಮಸಿ ಹಾಗೂ ಕಾರ್ಬನ್ ಮೊನಾಕ್ಸೈಡ್ ಉಂಟಾಗುತ್ತವೆ. ಉರಿಯದ ಅನಿಲ ಒಲೆಯೊಳಗೆ ಸಂಗ್ರಹವಾದರೆ ಸ್ಫೋಟದ ಭಯವೂ ಇದೆ.

ಹೆಚ್ಚು ಅಂಕಿ ಬರಲು ಬಹುತೇಕ ಕಾರಣ ಸೆನ್ಸರ್ ಅಲ್ಲ, ಸೋರಿಕೆ. ಹೊಗೆನಾಳದ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆ ಇರುವ ಬಾಯ್ಲರುಗಳಲ್ಲಿ ಸವೆದ ಗ್ಯಾಸ್ಕೆಟ್, ಸಡಿಲವಾದ ಫ್ಲ್ಯಾಂಜ್, ಬಿರುಕು ಬಿಟ್ಟ ನಾಳ ಇವುಗಳ ಮೂಲಕ ಹೊರಗಾಳಿ ಒಳನುಗ್ಗುತ್ತದೆ. ಕ್ಯಾಲಿಬ್ರೇಷನ್ ಅನಿಲದ ಕೊಳವೆಗೆ ಮುಚ್ಚಳ ಹಾಕಲು ಮರೆತರೂ ಸಾಕು, ಗಾಳಿ ನೇರವಾಗಿ ಸೆನ್ಸರ್‌ನ ಮುಖಕ್ಕೇ ಬರುತ್ತದೆ. ಹೊರಗಾಳಿಯಲ್ಲಿ ಆಕ್ಸಿಜನ್ ಶೇ. 20.9 ಇರುವುದರಿಂದ, ನೂರು ಪಾಲು ಮಾದರಿಯಲ್ಲಿ ಐದಾರು ಪಾಲು ಗಾಳಿ ಬೆರೆತರೆ ಶೇ. 3 ಇದ್ದದ್ದು ಶೇ. 4 ಎಂದು ಕಾಣುತ್ತದೆ. ಪಂಪಿನ ಮೂಲಕ ಹೊಗೆಯ ಮಾದರಿಯನ್ನು ಹೊರಗೆಳೆದು ಅಳೆಯುವ ಉಪಕರಣಗಳಲ್ಲಿ ಪಂಪಿಗೆ ಮುಂಚಿನ ಪ್ರತಿಯೊಂದು ಜೋಡಣೆಯೂ ಸಂಶಯಾಸ್ಪದವೇ.

ಸೋರಿಕೆಯೋ ಸೆನ್ಸರೋ ಎಂದು ನಿರ್ಧರಿಸಲು ದೊಡ್ಡ ತಾಂತ್ರಿಕ ಜ್ಞಾನ ಬೇಕಿಲ್ಲ. ಎರಡು ಪರಿಚಿತ ಅನಿಲಗಳನ್ನು ಉಪಕರಣಕ್ಕೆ ಕೊಟ್ಟು ನೋಡಬೇಕು: ಒಂದು, ಎಣ್ಣೆ ಮತ್ತು ತೇವ ಇಲ್ಲದ ಶುದ್ಧ ಗಾಳಿ, ಇನ್ನೊಂದು, ನೈಟ್ರೋಜನ್‌ನಲ್ಲಿ ಶೇ. 1 ಅಥವಾ 2ರಷ್ಟು ಆಕ್ಸಿಜನ್ ಇರುವ ಪ್ರಮಾಣೀಕೃತ ಸಿಲಿಂಡರ್. ಎರಡಕ್ಕೂ ಸರಿಯಾದ ಅಂಕಿ ಬಂದು, ಹೊಗೆಗೆ ಮಾತ್ರ ತಪ್ಪು ಬರುತ್ತಿದ್ದರೆ ಸೆನ್ಸರ್ ನಿರಪರಾಧಿ. ದೋಷವನ್ನು ಕೊಳವೆ, ಫ್ಲ್ಯಾಂಜ್‌ಗಳಲ್ಲಿ ಹುಡುಕಬೇಕು. ಎರಡರಲ್ಲಿ ಯಾವುದಕ್ಕಾದರೂ ತಪ್ಪು ಬಂದರೆ ಸೆನ್ಸರ್, ಅದರ ಹೀಟರ್ ಅಥವಾ ರೆಫರೆನ್ಸ್ ಗಾಳಿಯ ಕಡೆ ದೃಷ್ಟಿ ಹರಿಸಬೇಕು. ಸಿಲಿಂಡರಿನ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳುವುದು ಕ್ಷೇಮ.

ಅಂಕಿ ಬೇರೆ ಬಂದ ಮಾತ್ರಕ್ಕೆ ಅದು ತಪ್ಪೆಂದೂ ಹೇಳಲಾಗದು. ನಾಳದೊಳಗೇ ಇರುವ ಜಿರ್ಕೋನಿಯಾ ಸೆನ್ಸರ್ ತೇವಸಹಿತ ಹೊಗೆಯನ್ನು ಅಳೆಯುತ್ತದೆ. ಕೈಯಲ್ಲಿ ಹಿಡಿಯುವ ಉಪಕರಣ ತೇವ ತೆಗೆದ ಹೊಗೆಯನ್ನು ಅಳೆಯುತ್ತದೆ. ಹೊಗೆಯಲ್ಲಿ ಶೇ. 15 ನೀರಾವಿ ಇದ್ದರೆ ಮೊದಲನೆಯದರ ಶೇ. 3, ಎರಡನೆಯದರಲ್ಲಿ ಶೇ. 3.5 ಆಗುತ್ತದೆ. ಎರಡೂ ಸರಿಯೇ. ಜಿರ್ಕೋನಿಯಾ ಸುಮಾರು 700 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಉಷ್ಣದಲ್ಲಿ ಕೆಲಸ ಮಾಡುವುದರಿಂದ, ಹೊಗೆಯಲ್ಲಿ ಉರಿಯದ ಅನಿಲವಿದ್ದರೆ ಅದು ಸೆನ್ಸರ್‌ನ ಮೇಲೆಯೇ ಉರಿದು ಆಕ್ಸಿಜನ್ ಅನ್ನು ಕಬಳಿಸಿ ಅಂಕಿಯನ್ನು ತಗ್ಗಿಸುತ್ತದೆ. ಕೆಲವು ರಾಸಾಯನಿಕ ಸೆಲ್‌ಗಳಿಗೆ ವಾಯುಮಂಡಲದ ಒತ್ತಡದ ತಿದ್ದುಪಡಿ ಇರುವುದಿಲ್ಲ. ಅಂಥದನ್ನು ಮಂಗಳೂರಿನಲ್ಲಿ ಹೊಂದಿಸಿ, ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿಗೆ ತಂದರೆ ಶುದ್ಧ ಗಾಳಿಯಲ್ಲಿಯೇ 20.9ರ ಬದಲು ಸುಮಾರು 19 ತೋರಿಸುತ್ತದೆ. ಅದಕ್ಕಾಗಿ ಉಪಕರಣವನ್ನು ಹಿಂತಿರುಗಿಸಿ ಸಾಗಣೆ ವೆಚ್ಚ ತೆರುವುದು ವ್ಯರ್ಥ.

ಇನ್ನು 'ಸರಿಪಡಿಸುವ' ಪದ್ಧತಿಯ ಮಾತು. ತಾಳೆಪಟ್ಟಿ ತಾಳೆಯಾಗದಾಗ ವ್ಯತ್ಯಾಸದ ಮೊತ್ತವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಪುಸ್ತಕ ಮುಚ್ಚುವ ಗುಮಾಸ್ತನನ್ನು ಯಾವ ವ್ಯಾಪಾರಿಯೂ ಮೆಚ್ಚುವುದಿಲ್ಲ. ಸೋರಿಕೆಯಿಂದ ಏರಿದ ಅಂಕಿಯನ್ನು ಕ್ಯಾಲಿಬ್ರೇಷನ್ ಗುಂಡಿಯಿಂದ ಇಳಿಸುವುದು ಅದೇ ಕೆಲಸ. ಮುಂದೆ ಎಂದಾದರೂ ಗ್ಯಾಸ್ಕೆಟ್ ಬದಲಾದ ದಿನ ಅಂಕಿ ನಿಜಕ್ಕಿಂತ ಕೆಳಗಿಳಿಯುತ್ತದೆ, ಗಾಳಿ ಹೆಚ್ಚುತ್ತದೆ. ಕಾರಣ ಯಾರಿಗೂ ಹೊಳೆಯುವುದಿಲ್ಲ. ಇದಕ್ಕೆ ಲೆಕ್ಕಪತ್ರ ವಿಭಾಗವೂ ಪಾಲುದಾರನೇ. ಸೆನ್ಸರ್‌ನ ದೊಡ್ಡ ಬಿಲ್ಲನ್ನು ಮರುಮಾತಿಲ್ಲದೆ ಮಂಜೂರು ಮಾಡುವವರೇ ಕ್ಯಾಲಿಬ್ರೇಷನ್ ಸಿಲಿಂಡರಿನ ಬೇಡಿಕೆಗೆ 'ಅಗತ್ಯವೇ?' ಎಂದು ಷರಾ ಬರೆಯುವುದುಂಟು.

ವಾರ್ಷಿಕ ನಿರ್ವಹಣಾ ಒಪ್ಪಂದಕ್ಕೆ ಸಹಿ ಹಾಕುವಾಗ ಒಂದು ಷರತ್ತನ್ನು ತಪ್ಪದೆ ಸೇರಿಸಬೇಕು. ಸೇವಾ ವರದಿಯಲ್ಲಿ ಹೊಂದಿಸುವ ಮೊದಲಿನ ಅಂಕಿ, ಹೊಂದಿಸಿದ ನಂತರದ ಅಂಕಿ ಎರಡೂ ಇರಬೇಕು. ಬಳಸಿದ ಅನಿಲದ ಪ್ರಮಾಣಪತ್ರದ ಸಂಖ್ಯೆಯೂ ನಮೂದಾಗಬೇಕು. 'ಪರಿಶೀಲಿಸಲಾಗಿದೆ, ಸರಿಯಿದೆ' ಎಂಬ ಒಂದೇ ಸಾಲಿನ ವರದಿಯ ಆಧಾರದ ಮೇಲೆ ಬಿಲ್ ಪಾವತಿಸಬಾರದು. ಮೊದಲಿನ ಅಂಕಿಗಳನ್ನು ಒಂದು ರಿಜಿಸ್ಟರಿನಲ್ಲಿ ತಿಂಗಳು ತಿಂಗಳು ಬರೆದಿಟ್ಟು, ಪಕ್ಕದಲ್ಲಿ ಪ್ರತಿ ಟನ್ ಉಗಿಗೆ ತಗಲಿದ ಇಂಧನವನ್ನು ನಮೂದಿಸುತ್ತ ಹೋದರೆ, ಸೆನ್ಸರ್ ನಿಧಾನವಾಗಿ ಸವೆಯುತ್ತಿದೆಯೋ ಅಥವಾ ಒಂದೇ ದಿನದಲ್ಲಿ ಎಲ್ಲೋ ಬಿರುಕು ಬಿಟ್ಟಿತೋ ಎಂಬುದು ಮಾಲೀಕರಿಗೇ ಕಾಣಿಸುತ್ತದೆ.